ಸೀಸದ ಕಪ್ಪೆಗೆ ಹಸಿರು ಬಣ್ಣ

ಅಕ್ಟೋಬರ್ 23, ಬೆಳಿಗ್ಗೆ

ಗಾಳಕ್ಕೆ ಮಾಡಿದ ನಾಲ್ಕು ಕಪ್ಪೆಯಲ್ಲಿ ಎರಡು ಪಾಸ್, ಎರಡು ಫೇಲ್. ಬಿಸಿ ಜಾಸ್ತಿಯಾಯ್ತು. ಸೀಸ ಹೆಚ್ಚು ಕಾದರೆ ಪೌಡರ್ ಪೇಂಟ್ ನಿಲ್ಲೋದಿಲ್ಲ — ಇಳಿದು ಇಳಿದು ಗದ್ದದ ಕೆಳಗೆ ತೊಟ್ಟು ಕಟ್ಟುತ್ತೆ. ಕಪ್ಪೆಗೆ ಗಡ್ಡ. ಕಮ್ಮಿ ಕಾದರೆ ಹಿಡಿಯೋದೇ ಇಲ್ಲ, ಊದಿದರೆ ಉದುರುತ್ತೆ. ಆಪ್ಟಿಮಮ್ ಟೆಂಪರೇಚರ್! ಕಾಲೇಜಿನ ಪ್ರಾಕ್ಟಿಕಲ್ಸ್‌ನಲ್ಲಿ ಈ ಮಾತು ಬರೆದು ಬರೆದು ಕೈ ನೋಯಿಸಿಕೊಂಡಿದ್ದೆ. ಅರ್ಥ ಆಗಿದ್ದು ಈಗ, ಐವತ್ತೆಂಟಕ್ಕೆ. ಅದು ಸಿಕ್ಕ ದಿನ ಮಾತ್ರ ಮಜಾ... ಬಿಸಿ ಸೀಸ ಬಟ್ಟಲಿನ ಪೌಡರಿನೊಳಗೆ ಹೋಗಿ ಬರುವಷ್ಟರಲ್ಲಿ ಹಿಟ್ಟು ಹೊದ್ದ ಹಾಗೆ ಬರುತ್ತೆ, ಆಮೇಲೆ ಕಣ್ಣೆದುರೇ ಕರಗಿ ಗಾಜಿನಂತೆ ಹೊಳಪು.

ದಾರ ಕಟ್ಟೋ ಕಿಂಡಿಯನ್ನ ಓವನ್ನಿಗೆ ಹಾಕೋ ಮುಂಚೆ ಸೂಜಿಯಿಂದ ಬಿಡಿಸಬೇಕು. ಇವತ್ತೂ ಮರೆತೆ.

ಓವನ್ ನನ್ನ ಹೆಂಡತಿ ಮಂಗಳಗೌರಿದು. ಅದರಲ್ಲಿ ನಾನ್‌ಖಟಾಯಿ ಮಾಡೋಳು. ಅವಳು ಹೋದ ಮೇಲೆ ಮುಟ್ಟಿರಲಿಲ್ಲ. ಈಗ ಶೆಡ್ಡಲ್ಲಿ ಇದೆ — ಸೀಸ ಕಂಡ ಓವನ್, ಇನ್ನು ಅಡಿಗೆಮನೆಗೆ ಹೋಗೋ ಹಾಗಿಲ್ಲ. ಅವಳು ಇದ್ದಿದ್ದರೆ, "ನಿಮಗೆ ಬೇರೆ ಸಾಮಾನು ಸಿಗಲಿಲ್ವಾ?" ಅನ್ನೋಳು. ಅಂದು, ಆಮೇಲೆ ಪಕ್ಕದಲ್ಲಿ ನಿಂತು ನೋಡೋಳು.

ಅಕ್ಟೋಬರ್ 24

ನನ್ನಿವಾಳದ ಕೆರೆಗೆ ಹೋಗಿ ಪಾಸಾದ ಎರಡನ್ನೂ ಜೋಗಪ್ಪನಿಗೆ ಕೊಟ್ಟು ಬಂದೆ. ತಿರುಗಿಸಿ ತಿರುಗಿಸಿ ನೋಡಿದ.

"ಏನ್ ಸಾಹುಕಾರ್ರೇ, ಕಪ್ಪೆ ಜೀವ ಉಳಿಸ್ತೀರಿ. ಮೀನು ಏನ್ ಪಾಪ ಮಾಡೈತೆ?"

ಪ್ರತಿ ಸಲವೂ ಇದೇ ಪ್ರಶ್ನೆ. ಗೌರಿ ತೀರಿಕೊಂಡ ವರ್ಷ ಮನೆಯಲ್ಲಿ ಕೂರೋಕಾಗದೆ ಆ ಏರಿ ಮೇಲೆ ಹೋಗಿ ಕೂರ್ತಿದ್ದೆ. ಜೋಗಪ್ಪ ಮುಸ್ಸಂಜೆಯಲ್ಲಿ ಕೊರ್ರಮೀನಿಗೆ ಗಾಳ ಹಾಕೋನು. ಗಾಳಕ್ಕೆ ಜೀವಂತ ಕಪ್ಪೆ ಸಿಕ್ಕಿಸೋನು. ಅದು ಕಾಲು ಬಡಿಯೋದು... ನೋಡೋಕಾಗಲಿಲ್ಲ. "ಬಿಡಪ್ಪ, ನಾನೇ ಮಾಡಿ ಕೊಡ್ತೀನಿ" ಅಂದುಬಿಟ್ಟೆ. ಮೂವತ್ತು ವರ್ಷ ಬೀರುಗಳಿಗೆ ಪೌಡರ್ ಪೇಂಟ್ ಹೊಡೆದ ಕೈ. ಶೆಡ್ಡನ್ನ ತಮ್ಮನ ಮಗನಿಗೆ ಬಿಟ್ಟಾಗ ಒಂದು ಮೂಲೆ ನನಗೆ ಅಂತ ಇಟ್ಟುಕೊಂಡೆ. ಟೈರ್ ಅಂಗಡಿಯ ಹಳೇ ಸೀಸ, ಕರಗಿಸಿ ಅಚ್ಚು.

ನಮ್ಮ ಮನೆ ಹೊಸಿಲು ಮೊಟ್ಟೆ ಕೂಡ ದಾಟಿಲ್ಲ. ನಾನು ಮೀನಿನ ರುಚಿ ಕಂಡವನಲ್ಲ. ತಮ್ಮನ ಮಗನನ್ನ ಬಿಟ್ಟರೆ ಈ ಕೆಲಸ ಗೊತ್ತಿರೋದು ಜೋಗಪ್ಪನಿಗೆ, ಮಗಳು ದಾಕ್ಷಾಯಿಣಿಗೆ, ಅಷ್ಟೇ.

ಕೊರ್ರಮೀನು ಬಾಯಿ ಹಾಕೋದು ಬೆಳಕು ಹೋಗೋ ಹೊತ್ತಿಗೆ. ಆ ಹೊತ್ತಲ್ಲಿ ನನ್ನ ಕಪ್ಪೆ ಕಾಣೋದಿಲ್ಲ ಅಂತ ಕಂಪ್ಲೇಂಟ್. ಅದಕ್ಕೇ ಕತ್ತಲಲ್ಲಿ ಹೊಳೆಯೋ ಪೌಡರ್ ಆನ್‌ಲೈನ್‌ನಲ್ಲಿ ತರಿಸಿದ್ದೀನಿ. ನೋಡೋಕೆ ಬೂದಿ. ಒಂದು ಗಳಿಗೆ ಲೈಟಿನ ಕೆಳಗೆ ಇಟ್ಟು ಆರಿಸಿದರೆ — ಹಸಿರು! ಫಾಸ್ಫೊರೆಸೆನ್ಸ್ ಮತ್ತು ಫ್ಲೋರೆಸೆನ್ಸ್, ಡಿಸ್ಟಿಂಗ್ವಿಶ್ ಬಿಟ್ವೀನ್, ಫೈವ್ ಮಾರ್ಕ್ಸ್. ಪರೀಕ್ಷೆಯಲ್ಲಿ ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಬರೆದು ಬಂದಿದ್ದೆ. ಸೊನ್ನೆ.

ಮೊದಲ ಸಲ ಕರಿ ಬಣ್ಣದ ಮೇಲೆ ಹಾಕಿದೆ. ಸತ್ತ ಹಾಗಿತ್ತು. ಬಿಳಿ ಕೋಟ್ ಹಾಕಿ, ಅದರ ಮೇಲೆ ಇದನ್ನ ಹಾಕಿದರೆ ಮಾತ್ರ ಜೀವ.

ಅಕ್ಟೋಬರ್ 26

ಸರ್ವಮಂಗಳ ಫೋನ್. ಬೇರೆ ಏನೂ ಬರೆಯೋಕೆ ತೋಚ್ತಿಲ್ಲ.

ಬರೀಬೇಕು ಅಂದರೆ... ಇವರು ಮೊಳಕಾಲ್ಮೂರಿನವರು. ಗಂಡ ಹೋಗಿ ಬಹಳ ವರ್ಷ. ತಮ್ಮ ತೋಟಪ್ಪನ ಮನೆಯಲ್ಲಿದ್ದಾರೆ. ಅವರದ್ದು ರೇಷ್ಮೆ ಸೀರೆಯ ಮಗ್ಗ, ನೂಲಿಗೆ ಬಣ್ಣ ಕಟ್ಟೋದು ಈಕೆ. ದಾಕ್ಷಾಯಿಣಿಯೇ ಒಂದು ಮದುವೆಯಲ್ಲಿ ಪಕ್ಕದಲ್ಲಿ ಊಟಕ್ಕೆ ಕೂರಿಸಿದಳು. ಬೇಕೂಂತಲೇ. ಹೋಳಿಗೆ ಬಡಿಸುವಾಗ ಈಕೆ ಕೇಳಿದ ಮೊದಲ ಮಾತು — "ನಿಮ್ಮ ಅಂಗಿ ಮೇಲೆ ಅದು ಯಾವ ಬಣ್ಣ? ಒಗೆದ್ರೂ ಹೋಗಿಲ್ಲ, ಒಳ್ಳೇ ಬಣ್ಣ." ನಗು ಬಂತು. ಬಹಳ ದಿನದ ಮೇಲೆ ನಗು ಬಂದಿದ್ದು ನನಗೇ ಕೇಳಿಸ್ತು.

ಈಗ ವಾರಕ್ಕೆರಡು ಸಲ ಫೋನ್. ಬೀರು, ರೇಷ್ಮೆ, ಬಣ್ಣ, ಅನ್ನ ಅಂಟಾಯ್ತು, ಮಂಡಿ ನೋವು. ಮೀನಿನ ವಿಷಯ ಮಾತ್ರ ನಾನು ಎತ್ತಿಲ್ಲ.

ಅಕ್ಟೋಬರ್ 29

ನಮ್ಮ ಮದುವೆಗೆ ಕಷ್ಟ ಇರೋದು ಈಕೆ ತಮ್ಮನ ಹತ್ತಿರ. ತೋಟಪ್ಪ ಈಕೆಗಿಂತ ಚಿಕ್ಕವನೇ, ಆದರೆ ಮನೆ ಯಜಮಾನ, ಮಹಾ ಆಚಾರವಂತ. ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಹೋಗಿ ಪ್ರಸಾದ ಕೇಳಿದನಂತೆ. ಸ್ವಾಮಿಗೆ ಹೂ ಏರಿಸಿ ಕಾಯೋದು — ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಮಧ್ಯಾಹ್ನದವರೆಗೆ ಕೂತರೂ ಹೂ ಬೀಳಲೇ ಇಲ್ಲ. "ಸ್ವಾಮಿ ಮಾತಾಡದ ಹೊರತು ನಾನು ಮಾತಾಡಲ್ಲ" ಅಂತ ಕೂತಿದ್ದಾನೆ. ಅಕ್ಕನ ಒತ್ತಾಯಕ್ಕೆ ಭಾನುವಾರ ಮನೆ ನೋಡೋಕೆ ಬರ್ತಾನಂತೆ. ಬರೀ ನೋಡೋಕೆ.

ನವೆಂಬರ್ 1

ದಾಕ್ಷಾಯಿಣಿ ದಾವಣಗೆರೆಯಿಂದಲೇ ಆರ್ಡರ್ — "ಅಪ್ಪಾ, ಆ ಮೀನಿನ ಸಾಮಾನು ಒಂದೂ ಕಣ್ಣಿಗೆ ಬೀಳಬಾರ್ದು. ಆ ಮನುಷ್ಯ ಬಿಸ್ಕತ್ತಿಗೂ ಮೊಟ್ಟೆ ಹಾಕಿದಾರಾ ಅಂತ ಮೂರು ಸಲ ಕೇಳೋ ಪೈಕಿ."

ಶೆಡ್ಡನ್ನೂ ನೋಡ್ತಾನೆ, ಗ್ಯಾರಂಟಿ. ಅಚ್ಚು, ಗಾಳ ಎಲ್ಲ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿದೆ. ಹೊಳೆಯೋ ಪೌಡರಿನದ್ದೇ ಪ್ರಾಬ್ಲಂ. ಕವರ್ ಹರಿದಿತ್ತು, ಥಂಡಿ ತಗುಲಿದರೆ ಗಂಟು ಕಟ್ಟುತ್ತೆ. ಗೌರಿಯ ಹಳೇ ಸ್ಟೀಲ್ ಡಬ್ಬಿ ಸಿಕ್ಕಿತು, ಮುಚ್ಚಳ ಬಿಗಿ. ಅದಕ್ಕೆ ಸುರಿದು ದೇವರ ಮನೆಯ ಗೂಡಿನಲ್ಲಿ ಇಟ್ಟೆ. ಆ ಗೂಡಿಗೆ ಕೈ ಹಾಕೋನು ನಾನೊಬ್ಬನೇ. ಸೇಫೆಸ್ಟ್ ಪ್ಲೇಸ್ ಇನ್ ದ ಹೌಸ್.

ಕಾಂಪಿಟೆಂಟ್ ಆಗಿ ಕೆಲಸ ಮುಗಿಸಿದ ಸಮಾಧಾನ. ಬೆಳಿಗ್ಗೆ ಒಂದೇ ಒಂದು ಕಪ್ಪೆ ಮಾಡಿಬಿಡೋಣ ಅನ್ನಿಸ್ತಿದೆ...

ನವೆಂಬರ್ 2, ಎಲ್ಲರೂ ಹೋದ ಮೇಲೆ

ನಗು ಬರ್ತಿದೆ, ಭಯವೂ ಆಗ್ತಿದೆ. ಕ್ರಮವಾಗಿ ಬರೀತೀನಿ.

ದಾಕ್ಷಾಯಿಣಿ ಮಧ್ಯಾಹ್ನವೇ ಬಂದಿದ್ದಳು. ನಾಲ್ಕು ಗಂಟೆಗೆ ಅಕ್ಕ ತಮ್ಮ ಬಂದರು. ಈಕೆ ನಸುಗೆಂಪು ಸೀರೆ. ತೋಟಪ್ಪ ಮನೆ ಸುತ್ತಿದ, ನಲ್ಲಿ ತಿರುಗಿಸಿದ, ಶೆಡ್ಡಲ್ಲಿ ಬೀರು ಬಡಿದು ನೋಡಿದ. "ಸಿದ್ದಲಿಂಗೇಶಪ್ಪನೋರೇ, ಮನೇಲಿ ಗಾಳಿ ಬೆಳಕು ಚೆನ್ನಾಗೈತೆ. ಆದ್ರೆ ನಾನು ಮಾತು ಕೊಡೋಕೆ ಬಂದಿಲ್ಲ, ಮೊದ್ಲೇ ಹೇಳ್ತೀನಿ."

"ಗಾಳಿ ಬೆಳಕು ನೋಡೋಕೆ ಅಲ್ಲಿಂದ ಇಲ್ಲಿವರೆಗೆ ಬಂದ್ಯಾ?" ಅಂದರು ಈಕೆ. ಅವನು ಮೀಸೆ ತಿರುವಿಕೊಂಡ.

ಸಂಜೆಯಾಯ್ತು. ಲಿಂಗಪೂಜೆ ಆಗದೆ ತುತ್ತು ಎತ್ತೋನಲ್ಲ. ದಾಕ್ಷಾಯಿಣಿ ಮಣೆ ಹಾಕಿ, ತಂಬಿಗೆ ನೀರು ಕೊಟ್ಟು, ದೇವರ ಮನೆ ಲೈಟ್ ಹಾಕಿ ಬಂದಳು. ನಾನು ಅಡಿಗೆಮನೆ ಬಾಗಿಲಲ್ಲಿ ಈಕೆ ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡೋದು ನೋಡ್ತಾ ನಿಂತಿದ್ದೆ. ಗೂಡಿನ ನೆನಪು ಎಲ್ಲಿ ಬರಬೇಕು.

ತೋಟಪ್ಪ ಹೊರಗೆ ಬಂದ. ಶಲ್ಯ ಹೊದ್ದು. ಹಣೆಗೆ ಮೂರು ಗೆರೆ, ತೋಳಿಗೆ ಮೂರು ಮೂರು. "ಎಂಥಾ ನುಣುಪು ವಿಭೂತಿರೀ! ನಾನು ಗಟ್ಟಿ ಉಜ್ಜೋನು, ಡಬ್ಬಿ ಕಂಡು ಆಸೆ ಆಯ್ತು. ಯಾವ ಮಠದ್ದು?"

"ಅದು... ಆನ್‌ಲೈನು" ಅಂದೆ.

"ಅಲ್ಲೂ ಬಂತಾ!" ಅಂದ.

ತೊಳಕೊಳ್ಳಿ ಅನ್ನೋಕೆ ಬಾಯಿ ತೆಗೆದೆ. ಕರೆಂಟ್ ಹೋಯ್ತು.

"ಅಯ್ಯೋ, ಮೇಣದಬತ್ತಿ —" ಅಂದ ದಾಕ್ಷಾಯಿಣಿ ಅಲ್ಲೇ ನಿಂತಳು. ತೋಟಪ್ಪ ಕಾಣ್ತಿಲ್ಲ. ಗೆರೆಗಳು ಮಾತ್ರ. ಹಸಿರು. ಕತ್ತಲಲ್ಲಿ ಆಳೆತ್ತರಕ್ಕೆ ಮೂರು, ಅದರ ಕೆಳಗೆ ಅಕ್ಕಪಕ್ಕ ಮೂರು ಮೂರು. ಬೆಂಕಿ ಅಲ್ಲ, ದೀಪ ಅಲ್ಲ, ತಣ್ಣಗೆ ನಿಂತ ಬೆಳಕು. ನಾನೇ ತಂದಿಟ್ಟ ಪೌಡರು, ಆದರೂ ನನ್ನ ಮೈ ಜುಮ್ಮೆಂದಿತು.

ಅವನು ಕೈ ಎತ್ತಿದ. ಮೂರು ಬೆರಳು ಹೊಳೆದವು. "ಅಕ್ಕಾ..." ಅಂದ. ಎಳೇ ಹುಡುಗನ ದನಿ. "ಅಕ್ಕಾ, ಕಾಣ್ತೈತಾ ನಿನಗೆ? ಬೆಟ್ಟದಲ್ಲಿ ಕೊಡದೇ ಇದ್ದದ್ದು ಇಲ್ಲಿ ಕೊಟ್ಟ! ಶಿವ ಶಿವಾ!"

ಕರೆಂಟ್ ಬಂದಾಗ ಅವನ ಕೆನ್ನೆ ಒದ್ದೆ. ಆಗಲೇ ಒಪ್ಪಿಗೆ. ಮಾರ್ಗಶಿರದಲ್ಲಿ ಸರಳವಾಗಿ ಮಠದಲ್ಲಿ. ದಾಕ್ಷಾಯಿಣಿ ಅಡಿಗೆಮನೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ನಗ್ತಾ ಕೂತಿದ್ದಳು. "ಸುಮ್ನಿರಪ್ಪ, ಹೆಂಗೋ ಆಯ್ತಲ್ಲ!" ತೋಟಪ್ಪ ಒಂದು ಚೂರು ವಿಭೂತಿ ಕಟ್ಟಿಕೊಡಿ ಅಂದ. ಕಟ್ಟಿಕೊಟ್ಟೆ. ನನ್ನ ಕೈಯಾರೆ.

ಹೊರಡುವಾಗ ಈಕೆ ನನ್ನ ಮುಖ ನೋಡಲಿಲ್ಲ. ಕೈ ನೋಡಿದರು.

ನವೆಂಬರ್ 3

ಖುಷಿ. ನಾಚಿಕೆ ಬಿಟ್ಟು ಬರೀತೀನಿ, ಖುಷಿ. ಕಟಿಂಗ್ ಮಾಡಿಸಿದೆ. ಗೌರಿ ಫೋಟೋ ಮುಂದೆ ನಿಂತು ವಿಷಯ ಹೇಳಿದೆ. ಪೌಡರಿನ ಭಾಗ ಬಿಟ್ಟು ಹೇಳಿದೆ. ಅವಳಿಗೂ ಸುಳ್ಳು ಹೇಳ್ತಿದ್ದೀನಲ್ಲ ಅನ್ನಿಸಿ ವಾಪಸ್ ಹೋಗಿ ಅದನ್ನೂ ಹೇಳಿದೆ.

ನವೆಂಬರ್ 5, ಸಂಜೆ

ಸರ್ವಮಂಗಳ ಫೋನ್. ಹಲೋ ಇಲ್ಲ, ಊಟ ಆಯ್ತಾ ಇಲ್ಲ.

"ಕರೆಂಟ್ ಹೋದಾಗ ನಿಮ್ಮ ಉಗುರೂ ಹೊಳೀತಿದ್ವು. ಕಿವಿ ಹತ್ರಾನೂ ಒಂಚೂರು. ಏನದು?"

ಅವತ್ತು ಬೆಳಿಗ್ಗೆ ಮಾಡಿದ ಕಪ್ಪೆಯ ಪೌಡರು. ಹೇಳಿದೆ. ಎಲ್ಲಾ ಹೇಳಿದೆ — ಕೆರೆ, ಜೋಗಪ್ಪ, ಸೀಸ, ಬಿಳಿ ಕೋಟ್, ಓವನ್, ಡಬ್ಬಿ. ಆ ಕಡೆ ಮಗ್ಗ ಬಡೀತಾ ಇತ್ತು.

"ಬಿಳಿ ತಳ ಹಾಕದೆ ಆ ಹಸಿರು ಬರಲ್ವಾ?" ಅಂದರು.

"ಬರಲ್ಲ."

"ರೇಷ್ಮೆನೂ ಹಂಗೇ. ಬೆಳ್ಳಗೆ ಮಾಡ್ಕೊಳ್ದೆ ಗಿಳಿಹಸಿರು ಕೂರಲ್ಲ." ಆಮೇಲೆ ದನಿ ಬದಲಾಯ್ತು. "ನೋಡ್ರಿ, ಇಲ್ಲಿ ದಿನಾ ಸಂಜೆ ಓಣಿಯವರು ಬರ್ತಿದಾರೆ. ತೋಟಪ್ಪ ಲೈಟ್ ಆರಿಸಿ ತೋರಿಸ್ತಾನೆ. ನಿನ್ನೆಯಿಂದ ಮಕ್ಕಳ ಹಣೆಗೂ ಹಚ್ತಾ ಇದಾನೆ. ಅದು ಪೇಂಟು ತಾನೆ?"

ನಾನು ಮಾಸ್ಕ್ ಹಾಕಿಕೊಂಡು ಮುಟ್ಟೋ ಪೌಡರ್. ಸೋಪು ಹಾಕಿ ತೊಳೀರಿ, ಇನ್ನು ಹಚ್ಚಬೇಡಿ ಅಂದೆ.

"ಮಕ್ಕಳಿಗೆ ಹಚ್ಚೋದನ್ನ ಇವತ್ತೇ ನಿಲ್ಲಿಸ್ತೀನಿ. ಮಿಕ್ಕಿದ್ದೂ ಹೇಳ್ಬೋದು ನಾನೇ. ನಾನು ಹೇಳಿದ್ರೆ ನೀವು ಬಚ್ಚಿಟ್ಟ ಹಂಗಾಗ್ತೈತೆ. ಯೋಚ್ನೆ ಮಾಡ್ರಿ."

ದಾಕ್ಷಾಯಿಣಿಗೆ ಫೋನ್ ಮಾಡಿದೆ. "ಹೇಳಿದ್ರೆ ಮದುವೆ ಮುರೀತೈತಪ್ಪ. ಡಬ್ಬಿ ಖಾಲಿ ಆಯ್ತು, ಮಹಿಮೆ ಮುಗೀತು ಅನ್ನಿ." ಡೈಲೆಮಾ. ಎರಡು ಕೊಂಬು ಅಂತ ಲೆಕ್ಚರರ್ ಬೋರ್ಡ್ ಮೇಲೆ ಬರೆದಿದ್ದರು, ಯಾವ ಕೊಂಬು ಹಿಡಿಯಬೇಕು ಅಂತ ಸಿಲೆಬಸ್‌ನಲ್ಲಿ ಇರಲಿಲ್ಲ.

ಮೊದಲ ಬಸ್ಸಿಗೆ ಹೊರಡ್ತೀನಿ.

ನವೆಂಬರ್ 6

ಮೊಳಕಾಲ್ಮೂರು. ತೋಟಪ್ಪನ ಸೀರೆ ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿ. "ಇವರೇ ನೋಡ್ರಿ, ಇವರ ಮನೆ ವಿಭೂತಿನೇ!" ಅಂತ ತೋಟಪ್ಪ ಕೈ ಹಿಡಿದು ಒಳಗೆ ಕರೆದ. ಒಬ್ಬಾಕೆ ನನ್ನ ಕಾಲಿಗೆ ಬಗ್ಗಿದಳು. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

"ಒಳಗೆ ಬನ್ನಿ" ಅಂದೆ. ಮಗ್ಗದ ಮನೆಯಲ್ಲಿ ಕಿಟಕಿ ಮುಚ್ಚಿದೆ, ಜೇಬಿನಿಂದ ಕಪ್ಪೆ ತೆಗೆದು ಲೈಟಿನ ಕೆಳಗೆ ಹಿಡಿದೆ, ಲೈಟ್ ಆರಿಸಿದೆ. ಅಂಗೈಯಲ್ಲಿ ಹಸಿರಾಗಿ ಕೂತಿತ್ತು. ಹೇಳಿದೆ. ನೆಟ್ಟಗೆ ಹೇಳೋಕೆ ಬರಲಿಲ್ಲ, ಟೈರ್ ಅಂಗಡಿಯಿಂದ ಶುರು ಮಾಡಿದೆ.

ತೋಟಪ್ಪ ಬಗ್ಗಿ ಕಪ್ಪೆಯನ್ನ ನೋಡಿದ.

"ಇದು ಮೀನಿನ ಬಾಯಿಗಾ?"

"ಹೌದು."

"ಅದನ್ನ ನನ್ನ ಹಣೆಗಾ? ಲಿಂಗ ಹಿಡಿಯೋ ಕೈಗಾ?"

ಕೂಗಲಿಲ್ಲ. ಕೂಗಿದ್ದರೆ ತಡಕೊಳ್ಳಬಹುದಿತ್ತು. "ಅವತ್ತೇ ಯಾಕೆ ಹೇಳ್ಲಿಲ್ಲ?" ಅಂದ.

"ನೀವು ಒಪ್ಪಿದ್ರಿ. ಆಸೆ ಆಯ್ತು" ಅಂದೆ. ಬೇರೆ ಕಾರಣ ಇರಲಿಲ್ಲ.

ಈಕೆ ಬಂದು ಲೈಟ್ ಹಾಕಿದರು. ಕೈಯಲ್ಲಿ ಸೋಪು, ಟವೆಲ್ಲು. "ಮಕ್ಕಳ ಮನೆಗೆಲ್ಲ ಹೋಗಿ ತೊಳೆದು ಬಂದೆ. ನಗ್ತಾ ಇದಾರೆ, ನಗ್ಲಿ ಬಿಡು."

"ಪ್ರಸಾದ ಸುಳ್ಳಾಯ್ತಕ್ಕ" ಅಂದ ತೋಟಪ್ಪ. "ಬೆಟ್ಟದಲ್ಲಿ ಹೂ ಬೀಳಲಿಲ್ಲ. ಅದೇ ನಿಜ."

"ಎಡಕ್ಕೆ ಬಿತ್ತೇನೋ?"

"...ಇಲ್ಲ."

"ಮತ್ತೆ? ಸ್ವಾಮಿ ಸುಮ್ನಿದ್ದಾನೆ ಅಂದ್ರೆ ಬೇಡ ಅಂದಂಗಾ? ನಿಮ್ಮ ಅಕ್ಕನ್ನೇ ಕೇಳೋ ಅಂದಿರ್ಬೋದು."

ಅವನು ಅಕ್ಕನ ಕೈಯಿಂದ ಸೋಪು ಕಿತ್ತುಕೊಂಡ. ನನ್ನ ಕಡೆ ತಿರುಗಿ, "ನೀವು ಹೊರಡ್ರಿ" ಅಂದ. ಹೊರಟೆ. ಅವಸರದಲ್ಲಿ ಕಪ್ಪೆಯನ್ನ ಜೇಬಿಗೆ ಹಾಕಿಕೊಂಡಿದ್ದೆ, ಗಾಳ ಬಟ್ಟೆಗೆ ಸಿಕ್ಕಿಕೊಂಡು ಬಸ್ಸಲ್ಲಿ ಟಿಕೆಟ್ಟಿಗೆ ದುಡ್ಡು ತೆಗೆಯೋಕಾಗಲಿಲ್ಲ. ಕಂಡಕ್ಟರ್ ಬೈದ. ಬೈಸಿಕೊಂಡೆ.

ನವೆಂಬರ್ 19

ಬರೆಯೋಕೆ ಏನೂ ಇರಲಿಲ್ಲ. ಫೋನ್ ಇಲ್ಲ. ನಾನೂ ಮಾಡಲಿಲ್ಲ, ಯಾವ ಮುಖ ಇಟ್ಟುಕೊಂಡು.

ದಾಕ್ಷಾಯಿಣಿ ಬೈಯಲಿಲ್ಲ. "ಹೋಗ್ಲಿ ಬಿಡಪ್ಪ" ಅಂದಳು. ಬೈದಿದ್ದರೇ ಚೆನ್ನಾಗಿತ್ತು.

ಜೋಗಪ್ಪ ತಾನೇ ಹುಡುಕಿಕೊಂಡು ಶೆಡ್ಡಿಗೆ ಬಂದ. "ಏಂ ಸಾಹುಕಾರ್ರೇ, ಓವನ್ ತಣ್ಣಗೈತೆ?" ಕಥೆ ಹೇಳಿದೆ. ಹೊಟ್ಟೆ ಹಿಡಿದು ನಕ್ಕ. ನಕ್ಕು, ಕಣ್ಣೊರೆಸಿಕೊಂಡು ಕೇಳಿದ, "ಆಯಮ್ಮ ಬೇಡ ಅಂದ್ರಾ?"

"ಅಂದಿಲ್ಲ."

"ಮತ್ತೆ ನೀವ್ಯಾಕೆ ಸತ್ತೋರ ಮನೇಲಿ ಕೂತಂಗೆ ಕೂತಿದೀರಿ? ಸ್ವಿಚ್ ಹಾಕ್ರಿ."

ಹಾಕಿದೆ. ಮೂರು ಕಪ್ಪೆ. ಮೂರೂ ಪಾಸ್. ಕಿಂಡಿ ಬಿಡಿಸೋದು ಮರೆಯಲಿಲ್ಲ.

ನವೆಂಬರ್ 24

ಫೋನ್!

"ತೋಟಪ್ಪ ಇನ್ನೂ ಬೈತಾನೆ" ಅಂದರು ಈಕೆ. "ಓಣಿಯವರು ಕಿಚಾಯಿಸ್ತಾರೆ, ಅದಕ್ಕೆ ಇನ್ನೂ ಉರಿ. ಆದ್ರೆ ಆ ಪೊಟ್ಟಣ ಬಿಸಾಕಿಲ್ಲ. ಸಂಜೆ ಮಗ್ಗದೋರು ಹೋದ್ಮೇಲೆ ಬಿಚ್ಚಿಟ್ಟು ಲೈಟ್ ಆರಿಸಿ ನೋಡ್ತಾನೆ. ನಾನು ಬಾಗಿಲ ಸಂದೀಲಿ ನೋಡ್ತೀನಿ."

"ಯಾಕೆ ನೋಡ್ತಾರೆ?"

"ಚೆನ್ನಾಗೈತಲ್ರೀ, ಅದಕ್ಕೆ! ಮೊನ್ನೆ ಉಣ್ತಾ ಉಣ್ತಾ ಕೇಳ್ದ — ಅಕ್ಕ, ಅದು ನೀರೊಳಗೂ ಹೊಳೀತೈತಾ ಅಂತ. ನಂಗೇನು ಗೊತ್ತು, ನೋಡ್ಕೊಂಡು ಬರ್ತೀನಿ ಅಂದೆ. ಭಾನುವಾರ ಬರ್ತೀನಿ ಕೆರೆಗೆ."

"ಅವರು ಒಪ್ಪಿದ್ರಾ?"

"ಕೇಳಿಲ್ಲ. ನಂಗೆ ಐವತ್ತೊಂದು. ನೀವು ಬಂದು ಹೇಳಿದ ದಿನಾನೇ ನಾನು ಒಪ್ಪಿದೀನಿ. ಅವನು ಬಂದ್ರೆ ಸಂತೋಷ. ಬರ್ದಿದ್ರೆ ಅಳ್ತೀನಿ, ಆದ್ರೂ ಬರ್ತೀನಿ."

ಫೋನ್ ಇಟ್ಟು ಶೆಡ್ಡಿನ ಸುತ್ತ ಎರಡು ಸುತ್ತು ಹಾಕಿದೆ. ಅಳ್ತೀನಿ ಅಂದಿದ್ದು ಮನಸ್ಸಲ್ಲಿ ಕೂತಿದೆ. ಈಕೆ ಅಳದೆ ಬರೋ ಹಾಗೆ ಆಗಬೇಕು. ಅದನ್ನ ಮಾಡೋದು ನನ್ನ ಕೈಯಲ್ಲಿಲ್ಲ. ಕೈಯಲ್ಲಿರೋದು ಕಪ್ಪೆ ಒಂದೇ.

ನವೆಂಬರ್ 29

ಈಕೆಗಾಗಿ ಒಂದು. ಬಿಳಿ ತಳ. ಓವನ್. ಹೊಳೆಯೋ ಕೋಟು. ಮತ್ತೆ ಓವನ್. ಬೆನ್ನಿನುದ್ದಕ್ಕೆ ಕೆಂಪು ಅಂಚು, ಸೀರೆಗೆ ಇರೋ ಹಾಗೆ. ತೊಟ್ಟಿಲ್ಲ, ಗುಳ್ಳೆ ಇಲ್ಲ. ಗಾಳದ ತುದಿಯ ಮುಳ್ಳನ್ನ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿದೆ — ಹಿಡಿದ ಮೀನನ್ನ ಹರಿಯದ ಹಾಗೆ ಬಿಡಬಹುದು. ಜೋಗಪ್ಪ ನೋಡಿ ತಲೆ ಚಚ್ಚಿಕೊಂಡ. "ಬಿಡೋಕೆ ಹಿಡೀತೀರಾ! ಚೂಡಂಡಿ, ನೋಡ್ರಿ ಇವರನ್ನ!"

ಮೈ ಬೆಸ್ಟ್ ವರ್ಕ್ ಟಿಲ್ ಡೇಟ್.

ನವೆಂಬರ್ 30, ಕೆರೆ ಏರಿ

ಜೇಬಿನ ಡೈರಿ ತಂದಿದ್ದು ಒಳ್ಳೇದಾಯ್ತು. ಸುಮ್ಮನೆ ಕೂರೋಕಾಗ್ತಿಲ್ಲ.

ಈಕೆ ಬಂದರು. ಕಾರಿನ ಆ ಕಡೆ ಬಾಗಿಲು ತೆಗೆದು ತೋಟಪ್ಪನೂ ಇಳಿದ. "ನಾನು ಮೀನು ನೋಡೋಕೆ ಬಂದಿಲ್ಲ. ಅಕ್ಕನ್ನ ಒಬ್ಬಳೇ ಕಳಿಸಬಾರ್ದು ಅಂತ ಬಂದಿದೀನಿ. ಸಿದ್ದಲಿಂಗೇಶಪ್ಪನೋರೇ, ಇವತ್ತು ವಿಭೂತಿ ನಮ್ಮನೇದೇ ಹಚ್ಕೊಂಡು ಬಂದಿದೀನಿ." ನಗಬೇಕೋ ಬೇಡವೋ ತಿಳೀಲಿಲ್ಲ. ಈಕೆ ನಕ್ಕರು. ಅವನ ತುಟಿ ಒಂಚೂರು ಕೊಂಕಿತು, ಆಣೆ.

ಈಗ ಟವೆಲ್ ಹಾಸಿಕೊಂಡು ನೀರಿಗೆ ಬೆನ್ನು ಮಾಡಿ ಕೂತಿದ್ದಾನೆ. ಜೋಗಪ್ಪ, "ಸಾಮಿ, ಮೀನು ನಿಮ್ಮ ಬೆನ್ನು ನೋಡಿ ಬೇಜಾರ್ ಮಾಡ್ಕೊಂತಾವೆ" ಅಂದ.

ಬಿಸಿಲು ಹೋಯ್ತು. ಟಾರ್ಚ್ ಹಿಡಿದು ಕಪ್ಪೆಗೆ ಬೆಳಕು ಕುಡಿಸಿದೆ. ಕೋಲು ಈಕೆ ಕೈಗೆ. ಸೆರಗು ಸಿಕ್ಕಿಸಿಕೊಂಡು, ಚಪ್ಪಲಿ ಬಿಟ್ಟು, ನೀರಂಚಿಗೆ. ಮೊದಲ ಎಸೆತ ಜಾಲಿ ಗಿಡಕ್ಕೆ. ಎರಡನೇದು ಜೋಗಪ್ಪನ ರುಮಾಲಿಗೆ. "ತಾಯೀ, ನಾನು ಮೀನಲ್ಲ!" ಮೂರನೇದು ನೀರಿಗೆ.

ಎಷ್ಟು ಚೆನ್ನಾಗಿದೆ. ಕಪ್ಪು ನೀರಿನ ಕೆಳಗೆ ಹಸಿರು ಚುಕ್ಕೆ, ಈಕೆ ಎಳೆದಷ್ಟು ಕುಪ್ಪಳಿಸ್ತಾ ಬರುತ್ತೆ. ಇಷ್ಟು ದಿನ ಇದನ್ನ ನಮ್ಮವರ ಜೊತೆ ಕೂತು ನೋಡಿರಲಿಲ್ಲ.

ತೋಟಪ್ಪನ ಕತ್ತು ತಿರುಗಿತು. ಈಗ ಭುಜ. ಈಗ ಪೂರ್ತಿ ಈ ಕಡೆ. "ಅದೇ ಏನಕ್ಕ ಅದು?" ಅಂದ.

"ಅದೇ."

"ನೀರೊಳಗೂ..." ಅಂದು ನಿಲ್ಲಿಸಿದ.

ಅಕ್ಷರ ಸರಿಯಾಗಿ ಕಾಣ್ತಾ ಇಲ್ಲ, ಗೆರೆ ಮೇಲೆ ಗೆರೆ ಬರ್ತಿದೆಯೇನೋ. ಚುಕ್ಕೆ ಆ ಜೊಂಡಿನ ಹತ್ತಿರ ಬಂತು. ನಿಂತಿತು. ಇಲ್ಲ... ಆರಿ ಹೋಯ್ತು. ಯಾರೋ ಊದಿದ ಹಾಗೆ. ಕೋಲು ಬಾಗಿತು! ಈಕೆ ಕಾಲು ಜಾರ್ತಿದೆ, ಜೋಗಪ್ಪ ಬಿಡಬೇಡ್ರಿ ಅಂತ ಕುಣೀತಿದ್ದಾನೆ, ತೋಟಪ್ಪ ಪಂಚೆ ಎತ್ತಿಕೊಂಡು ಏರಿ ಇಳಿದು ಓಡ್ತಾ — "ಭಾವಾ! ಏನ್ ಬರೀತಾ ಕೂತಿದೀರಿ ಭಾವಾ, ಬರ್ರಿ ಬೇಗ, ಕೋಲು ಹಿಡೀ